ಚಿತ್ರದುರ್ಗದ ಕಲ್ಲುಗಳಲ್ಲಿ ಹವಳ ಹುಡುಕುವವರಿಗೆ

ಮೈಯೆಲ್ಲ ತೂತುಗಳಿರುವ ಅಥವಾ ಉಂಗುರದಂಥ ಗೆರೆಗಳಿರುವ ಕಲ್ಲು ಸಿಕ್ಕಾಗ, ಅದು ಹವಳದ ಪಳೆಯುಳಿಕೆ ಇರಬಹುದೇ ಎಂದು ಕೇಳಿಕೊಂಡು ನಮ್ಮ ಭಾಗದ ಹವ್ಯಾಸಿ ಸಂಗ್ರಾಹಕರು ಆಗಾಗ ನನ್ನಲ್ಲಿಗೆ ಬರುತ್ತಾರೆ. ಅವರನ್ನು ನಾನು ಮೊದಲು ಕೇಳುವುದು ಕಲ್ಲು ಎಲ್ಲಿ ಸಿಕ್ಕಿತು ಎಂದು. ಚಿತ್ರದುರ್ಗದ ಕೋಟೆ ನಿಂತಿರುವ ಗ್ರಾನೈಟ್ ಆಗಲಿ, ಹಿರಿಯೂರು ಬಳಿಯ ಮಾರಿಕಣಿವೆಯ ಆಸುಪಾಸಿನ ಸುಣ್ಣಕಲ್ಲಾಗಲಿ, ಮರಡಿಹಳ್ಳಿಯಲ್ಲಿ ನೀರಿನಡಿ ಹೆಪ್ಪುಗಟ್ಟಿ ದಿಂಬಿನಾಕಾರ ತಳೆದ ಲಾವಾ ಆಗಲಿ, ಎಲ್ಲವೂ 250 ಕೋಟಿ ವರ್ಷಗಳಿಗಿಂತ ಹಳೆಯವು. ಹವಳದ ಅತಿ ಪ್ರಾಚೀನ ಪಳೆಯುಳಿಕೆಗಳಾದರೂ 54 ಕೋಟಿ ವರ್ಷಗಳನ್ನು ದಾಟುವುದಿಲ್ಲ. ಹಾಗಾಗಿ ಇಲ್ಲಿನ ಬಂಡೆಯಿಂದಲೇ ಕಳಚಿ ಬಂದ ಕಲ್ಲಿನಲ್ಲಿ ಹವಳ ಇರಲು ಸಾಧ್ಯವಿಲ್ಲ. ಹರಿಹರದ ಬಳಿ ತುಂಗಭದ್ರೆ ಉರುಳಿಸಿ ತಂದ ಗುಂಡುಕಲ್ಲುಗಳ ಮಾತೂ ಅಷ್ಟೇ, ಅವು ಬಂದ ಮಲೆನಾಡಿನ ಬಂಡೆಗಳೂ ಹವಳಕ್ಕಿಂತ ಬಹಳ ಹಿಂದಿನವು.

ಆದರೂ ಹವಳವೆಂದು ತೋರುವ ವಸ್ತುಗಳು ನಮ್ಮಲ್ಲಿ ಬಹಳ. ಹಳೆಯ ಕುಲುಮೆಗಳಿದ್ದ ಕಡೆ ಬಿದ್ದಿರುವ ಕಬ್ಬಿಣದ ಕಿಟ್ಟದಲ್ಲಿ ಗಾಳಿಗುಳ್ಳೆಗಳ ತೂತುಗಳಿರುತ್ತವೆ, ಆದರೆ ಅವು ಒಂದೊಂದೂ ಒಂದೊಂದು ಗಾತ್ರದವು ಮತ್ತು ಅವುಗಳ ಒಳಗೆ ಯಾವ ರಚನೆಯೂ ಇರುವುದಿಲ್ಲ. ಎರೆ ಹೊಲಗಳಲ್ಲಿ ಸಿಗುವ ಸುಣ್ಣದ ಹರಳು ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ, ಏಕೆಂದರೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದೊಡನೆ ಅದೂ ನೊರೆಗರೆಯುತ್ತದೆ. ನೊರೆ ಬಂದರೆ ಕಲ್ಲಿನಲ್ಲಿ ಸುಣ್ಣವಿದೆ ಎಂದಷ್ಟೇ ಅರ್ಥ. ನಿಜವಾದ ಹವಳವೂ ಎಷ್ಟೋ ವೇಳೆ ಸಿಲಿಕಾ, ಅಂದರೆ ಬೆಣಚುಕಲ್ಲಿನ ವಸ್ತು, ಆಗಿ ಬದಲಾಗಿರುವುದರಿಂದ, ನೊರೆ ಬರಲಿಲ್ಲವೆಂದು ಅದನ್ನು ಎಸೆಯುವಂತೆಯೂ ಇಲ್ಲ.

ನೋಡಬೇಕಾದದ್ದು ಒಳಗಿನ ಗೋಡೆಗಳನ್ನು. ಕಲ್ಲನ್ನು ತೊಳೆದು, ಒದ್ದೆಯಿರುವಾಗಲೇ ಹತ್ತು ಪಟ್ಟು ದೊಡ್ಡದಾಗಿ ತೋರುವ ಮಸೂರದಲ್ಲಿ ನೋಡಿದರೆ, ಹವಳದ ಪ್ರತಿಯೊಂದು ಕುಳಿಯಲ್ಲೂ ಅಂಚಿನಿಂದ ನಡುವಿನ ಕಡೆಗೆ ಸೈಕಲ್ ಚಕ್ರದ ಕಡ್ಡಿಗಳಂತೆ ಸಾಗುವ ತೆಳುಗೋಡೆಗಳು ಕಾಣಿಸಬೇಕು. ಈಗಿನ ಹವಳಗಳ ಗುಂಪಿನಲ್ಲಿ ಈ ಗೋಡೆಗಳು ಆರರ ಲೆಕ್ಕದಲ್ಲಿ ಹೆಚ್ಚುತ್ತವೆ. ಸುಮಾರು 25 ಕೋಟಿ ವರ್ಷಗಳ ಹಿಂದೆ ಅಳಿದುಹೋದ, ಹಲವು ವೇಳೆ ಕೊಂಬಿನಾಕಾರವಿರುವ ರುಗೋಸ್ ಹವಳಗಳಲ್ಲಿ ಹೊಸ ಗೋಡೆಗಳು ನಾಲ್ಕು ಭಾಗಗಳಲ್ಲಿ ಮಾತ್ರ ಸೇರಿಕೊಳ್ಳುತ್ತವೆ. ಅದೇ ಕಾಲಕ್ಕೆ ಅಳಿದ ಟ್ಯಾಬ್ಯುಲೇಟ್ ಹವಳಗಳಲ್ಲಿ ಇಂಥ ಗೋಡೆಗಳು ತೀರಾ ಗಿಡ್ಡ ಅಥವಾ ಇಲ್ಲವೇ ಇಲ್ಲ, ಬದಲಿಗೆ ಕೊಳವೆಗಳನ್ನು ಅಡ್ಡಡ್ಡಲಾಗಿ ಮುಚ್ಚಿದ ಹಲಗೆಗಳು ಉದ್ದ ಸೀಳಿನಲ್ಲಿ ಕಾಣುತ್ತವೆ. ರುಗೋಸ್ ಹವಳಗಳ ಹೊರಮೈಯಲ್ಲಿ ದಿನಕ್ಕೊಂದರಂತೆ ಮೂಡಿದವೆಂದು ತಿಳಿಯಲಾಗಿರುವ ಬೆಳವಣಿಗೆಯ ಸೂಕ್ಷ್ಮ ಗೆರೆಗಳೂ ಉಳಿದಿರುತ್ತವೆ. ಅವುಗಳನ್ನು ಎಣಿಸಿಯೇ ಪಳೆಯುಳಿಕೆ ತಜ್ಞ ಜಾನ್ ವೆಲ್ಸ್ ಅವರು 1963ರಲ್ಲಿ, ಸುಮಾರು 40 ಕೋಟಿ ವರ್ಷಗಳ ಹಿಂದಿನ ಡೆವೋನಿಯನ್ ಯುಗದ ವರ್ಷಕ್ಕೆ ಸುಮಾರು 400 ದಿನಗಳಿದ್ದವು ಎಂದು ತೋರಿಸಿದರು. ಕೈಯಲ್ಲಿ ಹಿಡಿಯಬಹುದಾದ ಒಂದು ಜೀವಿಯ ಮೈಮೇಲೆ ಭೂಮಿಯ ತಿರುಗುವಿಕೆ ದಾಖಲಾಗಿದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಹಿರಿಯೂರಿನ ಕಡೆಯ ಯುವಕರೊಬ್ಬರು ಮಾರಿಕಣಿವೆಯ ಬದಿಯಿಂದ ಅಂಗೈಯಗಲದ ಬೂದುಬಣ್ಣದ ಕಲ್ಲೊಂದನ್ನು ತಂದಿದ್ದರು. ಅದರ ಮೇಲೆ ಒಂದರೊಳಗೊಂದು ಉಂಗುರಗಳಿದ್ದವು. ಸಿಲಿಕಾ ಇರುವ ಕಪ್ಪು ಗೆರೆಗಳು ಎದ್ದು ನಿಂತು, ಅವುಗಳ ನಡುವಿನ ಮಾಸಲು ಭಾಗ ಮಳೆನೀರಿಗೆ ಸವೆದು ತಗ್ಗಾಗಿತ್ತು. ಆ ತಗ್ಗಿಗೆ ಬಿಟ್ಟ ಆಮ್ಲ ಬಹಳ ನಿಧಾನವಾಗಿ ನೊರೆಗರೆದುದರಿಂದ ಅದು ಡಾಲಮೈಟ್, ಅಂದರೆ ಮೆಗ್ನೀಸಿಯಂ ಸೇರಿದ ಸುಣ್ಣಕಲ್ಲಿನಂಥ ಶಿಲೆ, ಇರಬೇಕೆಂದು ಊಹಿಸಿದೆ. ಮಸೂರದಲ್ಲಿ ಎಷ್ಟು ಹುಡುಕಿದರೂ ನಡುವಿನತ್ತ ಸಾಗುವ ಒಂದು ಗೋಡೆಯೂ ಕಾಣಲಿಲ್ಲ. ಒಡೆದ ಬದಿಯಲ್ಲಿ ಮಾತ್ರ ಮೇಲ್ಮುಖವಾಗಿ ಉಬ್ಬಿದ ತೆಳು ಪದರಗಳು ಒಂದರ ಮೇಲೊಂದು ಕುಳಿತಿದ್ದವು.

ಅದು ಸ್ಟ್ರೊಮಾಟೊಲೈಟ್ ಇರುವ ಸಾಧ್ಯತೆಯೇ ಹೆಚ್ಚು ಎಂದು ಅವರಿಗೆ ಹೇಳಿದೆ. ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳ ಅಂಟು ಹಾಸು ಕೆಸರಿನ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತ ಪದರ ಪದರವಾಗಿ ಬೆಳೆದು ಉಳಿಸಿಹೋದ ರಚನೆ ಅದು, ಪ್ರಾಣಿಗಳೇ ಇಲ್ಲದಿದ್ದ ಕಾಲದ ಗುರುತು. ಹವಳವಲ್ಲವೆಂದು ಕೇಳಿ ಅವರ ಮುಖ ಸ್ವಲ್ಪ ಬಾಡಿತು, ಆದರೆ ನನ್ನ ಮಟ್ಟಿಗೆ ಹವಳಕ್ಕಿಂತ ಅದೇ ದೊಡ್ಡದು. ಮಡಿಚಿಕೊಂಡ ಬಂಡೆಯಲ್ಲೂ ಇಂಥ ಉಬ್ಬು ಪದರಗಳು ಬರುವುದರಿಂದ, ಮೂಲ ಬಂಡೆಯನ್ನು ಅದು ಇರುವಲ್ಲಿಯೇ ಭೂವಿಜ್ಞಾನಿಗಳು ನೋಡದೆ ನಿಶ್ಚಯವಾಗಿ ಹೇಳಲಾಗದು. ಆದ್ದರಿಂದ ದಯವಿಟ್ಟು ಅಲ್ಲಿ ಸುತ್ತಿಗೆ, ಉಳಿ ಬಳಸಬೇಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮೇಲಿನಿಂದಲೂ ಬದಿಯಿಂದಲೂ ಫೋಟೊ ತೆಗೆದರೆ ಸಾಕು.

ಪ್ರವಾಸದಲ್ಲಿ ತಂದ ಕಲ್ಲುಗಳ ವಿಷಯ ಬೇರೆ. ಡೈನೋಸಾರ್‌ಗಳ ಕಾಲದವಾದ, ತಮಿಳುನಾಡಿನ ಅರಿಯಲೂರು, ತಿರುಚಿರಾಪಳ್ಳಿ ಭಾಗದ ಕ್ರಿಟೇಶಿಯಸ್ ಶಿಲೆಗಳಲ್ಲಿಯೂ ಕಚ್ಛ್‌ನ ಜುರಾಸಿಕ್ ಶಿಲೆಗಳಲ್ಲಿಯೂ ನಿಜವಾದ ಹವಳಗಳಿವೆ. ಕಡಲತೀರದಿಂದ ಬಂದ ಹಗುರವಾದ ಬಿಳಿ ತುಂಡುಗಳು ಬಹುತೇಕ ಇತ್ತೀಚಿನ ಹವಳಗಳೇ, ಮತ್ತು ಬಂಡೆಸಾಲು ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ನಿಮ್ಮ ಪೆಟ್ಟಿಗೆಯಲ್ಲಿ ಈಗಾಗಲೇ ಇರುವ ಕಲ್ಲುಗಳಿಗೆ ಊರು, ಹಳ್ಳ ಅಥವಾ ಗುಡ್ಡದ ಹೆಸರು, ತಾರೀಖು, ಬಂಡೆಯಿಂದ ಕಳಚಿದ್ದೋ ಬಿಡಿಯಾಗಿ ಬಿದ್ದಿತ್ತೋ ಎಂಬ ವಿವರ ಬರೆದ ಚೀಟಿಯನ್ನು ನೆನಪಿರುವಾಗಲೇ ಅಂಟಿಸಿಬಿಡಿ. ನನ್ನ ಬಳಿ ಬರುವ ಕಲ್ಲುಗಳಲ್ಲಿ ಹೆಚ್ಚಿನವುಗಳ ಬಗ್ಗೆ ಏನೂ ಹೇಳಲಾಗದೆ ಹಿಂದಿರುಗಿಸುವುದು ಈ ಚೀಟಿ ಇಲ್ಲದ ಕಾರಣಕ್ಕೇ.