ಕಲಾಪ ನಡೆಯದ ದಿನವೂ ಉತ್ತರ ಬರುತ್ತದೆ
ರಾಜ್ಯಸಭೆಯ ವರದಿಗಾರಿಕೆಗೆಂದು ಹೊಸದಾಗಿ ದೆಹಲಿಗೆ ಬರುವ ಕನ್ನಡ ಪತ್ರಕರ್ತರಿಗೆ ನಾನು ಮೊದಲು ಹೇಳುವುದು, ಗ್ಯಾಲರಿಗೆ ಹೋಗುವ ಮುನ್ನ ಆ ದಿನದ ಕಾರ್ಯಕಲಾಪ ಪಟ್ಟಿಯನ್ನೂ ಪ್ರಶ್ನೆಗಳ ಪಟ್ಟಿಯನ್ನೂ ಓದಿ ಮುಗಿಸಿರಬೇಕು ಎಂದು. ಬೆಳಿಗ್ಗೆ 11ಕ್ಕೆ ಸಭಾಪತಿಗಳು ಪೀಠಕ್ಕೆ ಬಂದ ಮೇಲೆ ಅದಕ್ಕೆ ಪುರುಸೊತ್ತು ಸಿಗುವುದಿಲ್ಲ. ಸಚಿವರು ಕಾಗದಪತ್ರ ಮಂಡಿಸುತ್ತಾರೆ, ಪಟ್ಟಿಯಲ್ಲಿರುವ ಕಲಾಪ ಬದಿಗಿಟ್ಟು ತುರ್ತು ವಿಷಯ ಚರ್ಚಿಸಿ ಎಂದು ನಿಯಮ 267ರ ಅಡಿ ಬಂದ ನೋಟಿಸುಗಳು ತಿರಸ್ಕೃತವಾಗುತ್ತವೆ, ಸದಸ್ಯರು ಸದನದ ಬಾವಿಗಿಳಿಯುತ್ತಾರೆ, ಕಲಾಪ ಮುಂದಕ್ಕೆ ಹೋಗುತ್ತದೆ. ಬೆಳಗಿನ ಗದ್ದಲಕ್ಕೆ ಪ್ರಶ್ನೋತ್ತರ ವೇಳೆ ಬಲಿಯಾಗುತ್ತಿದೆ ಎಂಬ ಕಾರಣಕ್ಕೆ 2014ರ ಚಳಿಗಾಲದ ಅಧಿವೇಶನದಿಂದ ಅದನ್ನು ಮಧ್ಯಾಹ್ನ 12ಕ್ಕೆ ಬದಲಾಯಿಸಿದರು. ಗದ್ದಲವೂ ಹಿಂದೆಯೇ ಬಂತು ಎನ್ನುವುದು ಬೇರೆ ಮಾತು.

ಅಂಥ ದಿನ 'ಇವತ್ತು ಏನೂ ನಡೆಯಲಿಲ್ಲ' ಎಂದು ಕಚೇರಿಗೆ ಫೋನ್ ಮಾಡುವವರೇ ಹೆಚ್ಚು. ಆದರೆ ಸದನ ಮುಂದೂಡಿದರೂ ಆ ದಿನದ ಪ್ರಶ್ನೆಗಳ ಉತ್ತರಗಳು ಸದನದ ಮೇಜಿನ ಮೇಲೆ ಮಂಡನೆಯಾಗಿಯೇ ಆಗುತ್ತವೆ. ಮೌಖಿಕ ಉತ್ತರಕ್ಕೆ ದಿನಕ್ಕೆ 15 ಚುಕ್ಕೆ ಗುರುತಿನ ಪ್ರಶ್ನೆಗಳಿದ್ದರೆ, ಲಿಖಿತ ಉತ್ತರವಷ್ಟೇ ಸಿಗುವ ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು 160ರವರೆಗೆ ಇರಬಹುದು. ಕರ್ನಾಟಕದ ರೈಲು ಯೋಜನೆಗೆ ಬಿಡುಗಡೆಯಾದ ಹಣವಾಗಲಿ, ಖಾಲಿ ಹುದ್ದೆಗಳ ರಾಜ್ಯವಾರು ಲೆಕ್ಕವಾಗಲಿ ಸಿಗುವುದು ಸಾಮಾನ್ಯವಾಗಿ ಇವುಗಳ ಅನುಬಂಧದಲ್ಲಿ, ಭಾಷಣದಲ್ಲಿ ಅಲ್ಲ.

ಈ ಉತ್ತರಗಳನ್ನು ಓದುವುದಕ್ಕೂ ಅಭ್ಯಾಸ ಬೇಕು. ಸದಸ್ಯರು ಎ, ಬಿ, ಸಿ, ಡಿ ಎಂದು ಬಿಡಿಬಿಡಿಯಾಗಿ ಕೇಳಿದ್ದನ್ನು ಇಲಾಖೆ 'ಎ ಇಂದ ಡಿ' ಎಂದು ಒಟ್ಟಿಗೆ ಕಟ್ಟಿ ಯೋಜನೆಯ ಗುಣಗಾನ ಮಾಡಿದ್ದರೆ, ನಾನು ಪ್ರಶ್ನೆಯನ್ನು ಪಕ್ಕದಲ್ಲಿಟ್ಟುಕೊಂಡು ಯಾವ ಭಾಗಕ್ಕೆ ಉತ್ತರ ಬಂದಿಲ್ಲವೆಂದು ಹುಡುಕುತ್ತೇನೆ; ಸುದ್ದಿ ಬಹುಮಟ್ಟಿಗೆ ಅಲ್ಲಿಯೇ ಇರುತ್ತದೆ. 'ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದಲ್ಲಿ ಮಂಡಿಸಲಾಗುವುದು' ಎಂಬ ಉತ್ತರವನ್ನೂ ಬಿಸಾಡಬಾರದು. ಅದು ಸರ್ಕಾರ ಕೊಟ್ಟ ಭರವಸೆ ಎಂದು ದಾಖಲಾಗುತ್ತದೆ, ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಈಡೇರಬೇಕು, ಈಡೇರಿತೇ ಎಂದು ನೋಡಲು ಭರವಸೆಗಳ ಸಮಿತಿಯೇ ಇದೆ. ನಾನು ಅಂಥ ಉತ್ತರ ಬಂದ ದಿನಾಂಕವನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ಹಾಗೆಂದು ಪಟ್ಟಿಯನ್ನೇ ನಂಬಿ ಕೂರುವಂತೆಯೂ ಇಲ್ಲ. 2019ರ ಆಗಸ್ಟ್ 5ರಂದು, ಬೆಳಗಿನ ಪಟ್ಟಿಯಲ್ಲಿರದ ಜಮ್ಮು ಮತ್ತು ಕಾಶ್ಮೀರದ ಪುನರ್‌ವಿಂಗಡಣಾ ಮಸೂದೆಯನ್ನು ಗೃಹ ಸಚಿವ ಅಮಿತ್ ಶಾ ಮಂಡಿಸಲು ಸಭಾಪತಿ ವೆಂಕಯ್ಯ ನಾಯ್ಡು ತಮ್ಮ ವಿವೇಚನಾಧಿಕಾರ ಬಳಸಿ ಅವಕಾಶ ಕೊಟ್ಟರು. ಮಸೂದೆ ಅದೇ ದಿನ 125–61 ಮತಗಳಿಂದ ಅಂಗೀಕಾರವಾಯಿತು. ಕಾರ್ಯಕಲಾಪದ ಪೂರಕ ಪಟ್ಟಿ ಯಾವ ಹೊತ್ತಿಗೂ ಬರಬಹುದು.

ಶುಕ್ರವಾರ ಮಧ್ಯಾಹ್ನ ಎದ್ದು ಹೋಗುವುದೂ ಬೇಡ. ಆ ಹೊತ್ತು ಖಾಸಗಿ ಸದಸ್ಯರ, ಅಂದರೆ ಸಚಿವರಲ್ಲದ ಸದಸ್ಯರ, ಕಲಾಪಕ್ಕೆ ಮೀಸಲು; ಅವರ ಮಸೂದೆಗಳು ಕಾನೂನಾಗುವುದಿಲ್ಲ ಎಂಬ ಉದಾಸೀನದಲ್ಲಿ ಗ್ಯಾಲರಿ ಆ ಹೊತ್ತಿಗೆ ತೆಳುವಾಗಿರುತ್ತದೆ. 2015ರ ಏಪ್ರಿಲ್ 24, ಶುಕ್ರವಾರ, ತಮಿಳುನಾಡಿನ ತಿರುಚ್ಚಿ ಶಿವಾ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆಯನ್ನು ರಾಜ್ಯಸಭೆ ಅಂಗೀಕರಿಸಿತು. ಅದು ಲೋಕಸಭೆಯನ್ನು ದಾಟಲಿಲ್ಲ. ಅದೇ ವಿಷಯದಲ್ಲಿ ಸರ್ಕಾರ ತನ್ನದೇ ಕಾಯ್ದೆ ತಂದದ್ದು 2019ರಲ್ಲಿ.