ತೇಗದ ಹಡಗಿಗೆ ತೇಗ ಒಗ್ಗಲಿಲ್ಲ

ನಮ್ಮ ಮನೆಯ ಊಟದ ಮೇಜಿನ ಅರ್ಧ ಭಾಗ ಮೂರು ವರ್ಷದಿಂದ ಊಟಕ್ಕೆ ಸಿಕ್ಕಿಲ್ಲ. ಅಲ್ಲಿ ಒಂದು ಹಡಗು ನಿಂತಿದೆ. ಒಡಲಿನ ಉದ್ದ 48 ಸೆಂಟಿಮೀಟರ್. ಮೂತಿಯಿಂದ ಮುಂದಕ್ಕೆ ಚಾಚಿದ ಕಂಬ ಸೇರಿಸಿದರೆ ಇನ್ನೂ ಜಾಸ್ತಿ. ಬಂದ ನೆಂಟರು "ಎಷ್ಟಕ್ಕೆ ತಂದ್ರಿ?" ಅಂತ ಕೇಳುತ್ತಾರೆ. ನಾನೇ ಕಟ್ಟುತ್ತಿದ್ದೇನೆ ಅಂದರೆ ಮುಂದಿನ ಪ್ರಶ್ನೆ, "ಮಾರಿದ್ರೆ ಎಷ್ಟು ಬರುತ್ತೆ?" ಘಟ್ಟ ಇಳಿಯದೆ ಸಮುದ್ರ ಕಾಣದ ಮೈಸೂರಿನಲ್ಲಿ ಕೂತು ಹಡಗು ಯಾಕೆ ಅಂತ ಮಾತ್ರ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ನಾನು ಬಿಎಸ್‌ಎನ್‌ಎಲ್‌ನಲ್ಲಿ ಕೇಬಲ್ ಜಾಯಿಂಟ್ ಹಾಕುತ್ತಿದ್ದವನು. 2020ರ ಜನವರಿ 31ಕ್ಕೆ ವಿಆರ್‌ಎಸ್ ತೆಗೆದುಕೊಂಡ ಸಾವಿರಾರು ಜನರಲ್ಲಿ ನಾನೂ ಒಬ್ಬ. ಎರಡು ತಿಂಗಳಾಗುವಷ್ಟರಲ್ಲಿ ಲಾಕ್‌ಡೌನ್. ಗುಂಡಿಯೊಳಗೆ ಕುಕ್ಕರಗಾಲಲ್ಲಿ ಕೂತು ಬಣ್ಣ ನೋಡಿ ನೋಡಿ ನೂರಾರು ಜೋಡಿ ತಂತಿ ಸೇರಿಸಿದ ಬೆರಳುಗಳು ಇವು. ಸುಮ್ನೆ ಕೂತರೆ ಬನಿಯನ್ನಿನ ದಾರ ಕೀಳುತ್ತಿದ್ದವು. ತಮ್ಮನ ಮಗ ಯಾವತ್ತೋ ತಂದುಕೊಟ್ಟ ಒಂದು ಕಿಟ್ ಅಟ್ಟದ ಮೇಲಿತ್ತು. ಎರಡು ಕಂಬದ ಸಣ್ಣ ಹಡಗು. ಅದನ್ನು ಇಳಿಸಿದೆ.

ಆ ಮೊದಲ ಹಡಗು ಬಾಳೆಹಣ್ಣಾಯಿತು. ಅಲಂಕಾರಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಬಾಗಿತು. ಕೆಲಸದ ಕ್ರಮ ಹೀಗೆ: ನಡುವೆ ಬೆನ್ನುಮೂಳೆಯ ಹಾಗೆ ಒಂದು ಉದ್ದ ಹಲಗೆ, ಅದಕ್ಕೆ ಅಡ್ಡಲಾಗಿ ಬಲ್ಕ್‌ಹೆಡ್‌ಗಳು, ಅಂದರೆ ಹಡಗಿನ ಹೊಟ್ಟೆಯನ್ನು ಬ್ರೆಡ್ಡಿನ ಹಾಗೆ ಕೊಯ್ದರೆ ಕಾಣುವ ಆಕಾರಗಳು. ಅವುಗಳ ಮೇಲೆ ಮರದ ಪಟ್ಟಿ ಅಂಟಿಸುತ್ತಾ ಹೋಗಬೇಕು. ಬಲಕ್ಕೆ ಒಂದು ಅಂಟಿಸಿದರೆ ಎಡಕ್ಕೆ ಒಂದು. ನಾನು ಜಾಣ. ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆ ಹಿಡಿಯೋಣ ಅಂತ ಹೊರಟೆ. ಒದ್ದೆ ಪಟ್ಟಿ ಒಣಗುತ್ತಾ ಎಳೆಯಿತು. ಬೆಳಿಗ್ಗೆ ಎದ್ದು ನೋಡಿದರೆ ಬೆನ್ನುಮೂಳೆ ಸೊಟ್ಟಗಾಗಿತ್ತು. ಅದು ಈಗಲೂ ಟಿವಿ ಪಕ್ಕ ಇದೆ. ನೇರ ಹೊರಟರೆ ತಿರುಗಿ ಹೊರಟ ಜಾಗಕ್ಕೇ ಬರುತ್ತದೆ ಅಂತ ತಮ್ಮನ ತಮಾಷೆ.

ಎರಡನೆಯ ಹಡಗು ಮೂತಿಯಲ್ಲಿ ಕೆಟ್ಟಿತು. ಹಡಗಿನ ಹೊಟ್ಟೆ ದಪ್ಪ, ಮೂತಿ ಸಣ್ಣ. ನಡುವೆ ಒಂದು ಪಕ್ಕದ ಸುತ್ತಳತೆ 100 ಮಿಲಿಮೀಟರ್ ಇದ್ದರೆ ಮೂತಿಯ ಹತ್ತಿರ 60 ಇರಬಹುದು. 4 ಮಿಲಿಮೀಟರಿನ ಪಟ್ಟಿ ನಡುವೆ 25 ಹಿಡಿಯುತ್ತದೆ. ಅದೇ 25 ಪಟ್ಟಿ 60ರ ಜಾಗದಲ್ಲಿ ಕೂರಬೇಕಾದರೆ ಪ್ರತಿಯೊಂದನ್ನೂ ಮೂತಿಯ ಕಡೆ 2.4 ಮಿಲಿಮೀಟರಿಗೆ ಸಣ್ಣ ಮಾಡಬೇಕು. ಲಂಗದ ನೆರಿಗೆ ಸೊಂಟದಲ್ಲಿ ಒತ್ತಾಗುವ ಲೆಕ್ಕವೇ ಇದು. ಇವಳು ಹೊಲಿಗೆ ಬಲ್ಲವಳು, ನೋಡಿದ ತಕ್ಷಣ "ಅಲ್ಲ ರೀ, ಕೆಳಗೂ ಮೇಲೂ ಒಂದೇ ಅಗಲ ಇಟ್ಕೊಂಡ್ರೆ ಹೇಗೆ ಕೂರುತ್ತೆ?" ಅಂದಳು. ಅವಳು ಹೇಳುವ ಹೊತ್ತಿಗೆ ಅಂಟು ಒಣಗಿತ್ತು.

ಇನ್ನು ಈಗಿನದಕ್ಕೆ ಬರುತ್ತೇನೆ. ತಮ್ಮನ ಮಗ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕೆಲಸದಲ್ಲಿದ್ದಾನೆ. ಒಂದು ಭಾನುವಾರ ಹಾರ್ಟ್ಲ್‌ಪೂಲ್ ಅನ್ನುವ ಊರಿಗೆ ಹೋಗಿ ಅಲ್ಲಿನ ಹಳೆ ಹಡಗಿನ ಫೋಟೋ ಕಳಿಸಿದ. ಕೆಳಗೆ ಒಂದು ಸಾಲು: "ದೊಡ್ಡಪ್ಪ, ಇದು ಬಾಂಬೆಯಲ್ಲಿ ಮಾಡಿದ್ದಂತೆ, ನಮ್ಮ ಕಡೆ ತೇಗವಂತೆ." ಆ ಹಡಗಿನ ಹೆಸರು ಟ್ರಿಂಕೋಮಲೀ.

ಆಮೇಲೆ ನಾಲ್ಕು ರಾತ್ರಿ ಅದರ ಬಗ್ಗೆಯೇ ಓದಿದೆ. ಬಾಂಬೆಯ ವಾಡಿಯಾ ಮನೆತನದ ಜಮ್‌ಸೇಟ್‌ಜಿ ಬೊಮಾನ್‌ಜಿ ಕಟ್ಟಿಸಿದ ಯುದ್ಧನೌಕೆ. ಮಲಬಾರಿನ ತೇಗ. ಇಂಗ್ಲಿಷಿನ 'ಟೀಕ್' ಅನ್ನುವ ಮಾತೇ ಮಲಯಾಳದ 'ತೇಕ್ಕ್'ನಿಂದ ಪೋರ್ಚುಗೀಸರ ಬಾಯಿ ದಾಟಿ ಹೋದದ್ದು. ಲಂಡನ್ನಿನಿಂದ ಹೊರಟ ಇದರ ನಕ್ಷೆ ಜಾವಾ ಅನ್ನುವ ಹಡಗಿನಲ್ಲಿ ಬರುತ್ತಿತ್ತು. 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ಹತ್ತಿರ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಹಡಗು ಜಾವಾವನ್ನು ಹೊಡೆದು ಹಾಕಿತು. ನಕ್ಷೆಯೂ ಹೋಯಿತು. ಇನ್ನೊಂದು ಪ್ರತಿ ಬಂದು, ಕೆಲಸ ಶುರುವಾಗಿದ್ದು 1816ರಲ್ಲಿ. ನೀರಿಗಿಳಿದದ್ದು 1817ರ ಅಕ್ಟೋಬರ್ 12. ಇಂಗ್ಲೆಂಡ್ ಮುಟ್ಟುವ ಹೊತ್ತಿಗೆ ನೆಪೋಲಿಯನ್ ಜೊತೆಗಿನ ಯುದ್ಧ ಮುಗಿದು ವರ್ಷಗಳಾಗಿದ್ದವು. 1845ರವರೆಗೆ ಸುಮ್ನೆ ಕಟ್ಟಿ ಹಾಕಿದ್ದರು. ಕಟ್ಟಿ ಹಾಕಿದ್ದರೂ ಕೊಳೆಯಲಿಲ್ಲ ನೋಡಿ, ಅದು ತೇಗ. ಓಕ್ ಮರದ ಹುಳಿ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗದ ಎಣ್ಣೆ ಮೊಳೆಯನ್ನೂ ಕಾಯುತ್ತದೆ, ತನ್ನನ್ನೂ ಕಾಯುತ್ತದೆ. ಇವತ್ತಿಗೂ ನೀರಿನ ಮೇಲೆ ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಇದೇ ಹಳೆಯದು.

ಇದನ್ನೇ ಕಟ್ಟಬೇಕು, ತೇಗದಲ್ಲೇ ಕಟ್ಟಬೇಕು ಅಂತ ತೀರ್ಮಾನ ಮಾಡಿದೆ. ಲೀಡಾ ವರ್ಗದ ಹಡಗು ಇದು, ಅಂದರೆ ಒಂದೇ ನಕ್ಷೆಯ ಮೇಲೆ ಕಟ್ಟಿದ ಹಡಗುಗಳಲ್ಲಿ ಒಂದು. ಆ ವರ್ಗದ ಮೂಲ ನಕ್ಷೆಗಳು ಗ್ರೀನಿಚ್‌ನ ಮ್ಯೂಸಿಯಂನಲ್ಲಿವೆ, ದುಡ್ಡು ಕೊಟ್ಟರೆ ಪ್ರತಿ ಸಿಗುತ್ತದೆ. ತಮ್ಮನ ಮಗನ ಕೈಲಿ ತರಿಸಿದೆ. ತೇಗಕ್ಕೆ ಬೇರೆಲ್ಲೂ ಹೋಗಬೇಕಾಗಿರಲಿಲ್ಲ. ಊರಿನ ಮನೆ ಬೀಳಿಸಿದಾಗ ತಂದಿಟ್ಟಿದ್ದ ಬಾಗಿಲವಾಡದ ತುಂಡುಗಳು ತಾರಸಿಯಲ್ಲಿದ್ದವು. ತಾತನ ಕಾಲದ ತೇಗ. ಕಟ್ಟಿಗೆ ಮಿಲ್ಲಿನಲ್ಲಿ ಪಟ್ಟಿ ಸೀಳಿಸಿ, ಉಜ್ಜಿ, ಒಂದು ಮಿಲಿಮೀಟರಿಗೆ ತಂದೆ. ಹತ್ತು ಪಟ್ಟಿ ಅಂಟಿಸಿ ಎರಡು ಹೆಜ್ಜೆ ಹಿಂದೆ ನಿಂತು ನೋಡಿದೆ.

ಹಡಗಿನ ಹಾಗೆ ಕಾಣಲಿಲ್ಲ. ಬಾಗಿಲವಾಡದ ಹಾಗೇ ಕಂಡಿತು.

ಕಾರಣ ಹೊಳೆಯಲು ಒಂದು ದಿನ ಬೇಕಾಯಿತು. ನನ್ನ ಅಳತೆ 96ಕ್ಕೆ 1. ಅಸಲಿನ ಒಂದು ಅಡಿ ನನ್ನಲ್ಲಿ ಎಂಟನೇ ಒಂದು ಇಂಚು. ನಾನು ಆ ಡೆಕ್ಕಿನ ಮೇಲೆ ನಿಂತರೆ ಹದಿನೇಳೂವರೆ ಮಿಲಿಮೀಟರ್ ಇರುತ್ತೇನೆ, ಒಂದು ಕಡಲೆಬೀಜದಷ್ಟು. ಎಲ್ಲವನ್ನೂ 96 ಪಾಲು ಸಣ್ಣದು ಮಾಡಬಹುದು, ಮರದ ಎಳೆಯನ್ನು ಮಾಡಲಾಗುವುದಿಲ್ಲ. ತೇಗದ ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ದೊಡ್ಡವು ಕಾಲು ಮಿಲಿಮೀಟರ್. ನಮ್ಮ ಬಾಗಿಲಲ್ಲಿ ಅವು ಚೆಂದ. ಈ ಅಳತೆಯಲ್ಲಿ ಅವು 24 ಮಿಲಿಮೀಟರಿನ ತೂತುಗಳು. ಹೆಬ್ಬೆರಳು ಹೋಗುವಷ್ಟು ತೂತಿರುವ ಹಲಗೆಯಲ್ಲಿ ಯಾರಾದರೂ ಹಡಗು ಕಟ್ಟುತ್ತಾರಾ? ಸಾಲದ್ದಕ್ಕೆ ಎಣ್ಣೆ. ಇನ್ನೂರು ವರ್ಷ ಹಡಗನ್ನು ಕಾದ ಅದೇ ಎಣ್ಣೆ ನನ್ನ ಫೆವಿಕಾಲನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅಸಿಟೋನ್ ಹಾಕಿ ಒರೆಸಿ ಅಂಟಿಸಿದರೆ ಹಿಡಿಯುತ್ತದೆ. ಆದರೆ ತೂತು ಹೋಗುವುದಿಲ್ಲವಲ್ಲ.

ಹೊರದೇಶದವರು ಪೇರು (ಇಂಗ್ಲಿಷಿನ ಪಿಯರ್) ಮರ, ಬಾಕ್ಸ್‌ವುಡ್ ಬಳಸುತ್ತಾರೆ. ಎಳೆಯೇ ಕಾಣದಷ್ಟು ನುಣುಪು. ತರಿಸಲು ಹೇಳಿದ ಬೆಲೆ ಕೇಳಿ ಸುಮ್ಮನಾದೆ. ತಿಂಗಳುಗಟ್ಟಲೆ ತೇಗದ ಹತ್ತು ಪಟ್ಟಿ ಹೊತ್ತ ಆ ಅಸ್ಥಿಪಂಜರ ಮೇಜಿನ ಮೇಲೆ ಹಾಗೇ ಕೂತಿತ್ತು.

ದಾರಿ ತೋರಿಸಿದ್ದು ಮೊಮ್ಮಗಳ ಬುಗುರಿ. ಚನ್ನಪಟ್ಟಣದ್ದು. ಅರಗು ಹಚ್ಚದ ಅದರ ತಳ ನೋಡಿದೆ, ಬೆಳ್ಳಗೆ, ದಂತದ ಹಾಗೆ. ಉಗುರಲ್ಲಿ ಗೀರಿದೆ. ಎಳೆ ಕಾಣಲಿಲ್ಲ. ಆಲೆ ಮರ! ಬೊಂಬೆಯವರು ತಲೆಮಾರುಗಳಿಂದ ಬಳಸುತ್ತಿರುವ ಮರ ರೈಲಿನ ದಾರಿಯಲ್ಲೇ ಇರುವಾಗ ನಾನು ಇಂಗ್ಲೆಂಡಿನ ಪೇರು ಮರಕ್ಕೆ ಬೆಲೆ ಕೇಳುತ್ತಿದ್ದೆ. ಮಾರನೇ ದಿನವೇ ಚನ್ನಪಟ್ಟಣಕ್ಕೆ ಹೋದೆ. ಲೇತ್ ಇಟ್ಟುಕೊಂಡಿದ್ದ ಒಬ್ಬರು ಮೂರು ಕೊರಡು ಕೊಟ್ಟು, "ಹಸಿ ಇದೆ, ಎರಡು ಮೂರು ತಿಂಗಳು ನೆರಳಲ್ಲಿ ಒಣಗಲಿ ಸಾರ್, ಆತುರ ಪಟ್ರೆ ಸೀಳುತ್ತೆ" ಅಂದರು. ಒಂದನ್ನು ಆತುರ ಪಟ್ಟೆ. ಸೀಳಿತು.

ಆಲೆ ದೊಡ್ಡ ಮರವಲ್ಲ, ಉದ್ದದ ಹಲಗೆ ಬರುವುದಿಲ್ಲ. ಅದೇನೂ ತೊಂದರೆಯಾಗಲಿಲ್ಲ. ಅಸಲಿ ಹಡಗಿನಲ್ಲೂ ಹಲಗೆ ತುಂಡು ತುಂಡೇ ಇರುತ್ತವೆ. 24 ಅಡಿಯ ಹಲಗೆ ನನ್ನ ಅಳತೆಗೆ 76 ಮಿಲಿಮೀಟರ್. ಬಿಸಿನೀರಲ್ಲಿ ನೆನೆಸಿ, ನನ್ನ ಹಳೆ ಸಾಲ್ಡರಿಂಗ್ ಐರನ್‌ಗೆ ಒತ್ತಿ ಹಿಡಿದರೆ ಹಪ್ಪಳದ ಹಿಟ್ಟಿನ ಹಾಗೆ ಬಾಗುತ್ತದೆ. ಬಾಗಿಸಲು ಅಂತಲೇ ಮಾರುವ ವಿದೇಶಿ ಉಪಕರಣವೂ ಹೆಚ್ಚು ಕಡಿಮೆ ಸಾಲ್ಡರಿಂಗ್ ಐರನ್ನೇ, ಮೂತಿ ದುಂಡಗಿರುತ್ತದೆ ಅಷ್ಟೇ. ಬಟ್ಟೆ ಕ್ಲಿಪ್ಪು, ರಬ್ಬರ್ ಬ್ಯಾಂಡು, ಇನ್ನೇನು ಬೇಕು?

ಬಣ್ಣ ಹಚ್ಚಬಾರದು ಅಂತ ಹಟ ಹಿಡಿದಿದ್ದೆ. ಅಸಲಿ ಹಡಗು ಕಪ್ಪು, ತೋಪಿನ ಕಿಂಡಿಗಳ ಸಾಲಿಗೆ ಬಿಳಿ ಪಟ್ಟೆ. ಬಿಳಿಗೆ ಆಲೆ ಆಯಿತು. ಕಪ್ಪಿಗೆ ಮಂಡಿ ಮೊಹಲ್ಲಾದಲ್ಲಿ ಇನ್ಲೇ ಕೆಲಸ ಮಾಡುವ ಒಬ್ಬ ಭಾಯ್ ಬೀಟೆಯ ಚೂರುಗಳನ್ನು ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ, ಫೋಟೋ ತೋರಿಸಿ ಅಂದರು. ಬೀಟೆಯಲ್ಲಿ ರಂಧ್ರ ಇಲ್ಲವಾ ಅಂದರೆ ಇದೆ. ಅದರದೇ ಪುಡಿಗೆ ಅಂಟು ಬೆರೆಸಿ ತಿಕ್ಕುವುದನ್ನು ಅವರೇ ಹೇಳಿಕೊಟ್ಟರು. ಕಪ್ಪಿನಲ್ಲಿ ಮುಚ್ಚಿಹೋಗುತ್ತದೆ. ತೇಗದ ಮೇಲೂ ಹಾಗೇ ಮಾಡಿ ನೋಡಿದೆ, ಪಟ್ಟೆ ಪಟ್ಟೆಯಾಗಿ ಎದ್ದು ಕಂಡಿತು.

ಹಾಗಂತ ತೇಗವನ್ನು ಪೂರ್ತಿ ಬಿಡಲು ಮನಸ್ಸಾಗಲಿಲ್ಲ. ಆ ಹತ್ತು ಪಟ್ಟಿ ಕಿತ್ತು, ತಾತನ ಬಾಗಿಲವಾಡದ ಒಂದು ತುಂಡನ್ನು ಒಳಗೆ ಬೆನ್ನುಮೂಳೆಯ ಪಕ್ಕ ಸೇರಿಸಿದೆ. ಟ್ರಿಂಕೋಮಲೀಯ ಕೀಲ್, ಅಂದರೆ ತಳದ ಬೆನ್ನುಮೂಳೆ, ಇಟ್ಟ ದಿನ ವಾಡಿಯಾ ಪಾರ್ಸಿ ಪದ್ಧತಿಯಂತೆ ಅದಕ್ಕೊಂದು ಬೆಳ್ಳಿ ಮೊಳೆ ಹೊಡೆದಿದ್ದ. ನನಗೂ ಬೆಳ್ಳಿ ಬೇಕಿತ್ತು. ಇವಳನ್ನು ಕೇಳಿದೆ. "ಬೆಳ್ಳಿ ರೇಟು ಗೊತ್ತಾ?" ಅಂದಳು. ಸಂಜೆ ಮುರಿದ ಗೆಜ್ಜೆಯ ಒಂದು ಕೊಂಡಿ ಮೇಜಿನ ಮೇಲಿತ್ತು. ನೆಟ್ಟಗೆ ಮಾಡಿ ಮೂರು ಮಿಲಿಮೀಟರ್ ಹೊಡೆದೆ. ಅದರ ಮೇಲೆ ಡೆಕ್ಕು ಬಂದು ವರ್ಷವಾಯಿತು. ಇನ್ನು ಯಾರಿಗೂ ಕಾಣುವುದಿಲ್ಲ.

ಈಗ ಹಗ್ಗದ ಕೆಲಸ. ಕಂಬ ಹತ್ತಲು ಹಗ್ಗದ ಏಣಿ ಇರುತ್ತದಲ್ಲ, ಅದರ ಮೆಟ್ಟಿಲು ನಾಲ್ಕು ಮಿಲಿಮೀಟರಿಗೊಂದು. ಪ್ರತಿ ಮೆಟ್ಟಿಲೂ ಪ್ರತಿ ನಿಂತ ಹಗ್ಗಕ್ಕೆ ಒಂದು ಗಂಟು. ಎಲ್ಲಾ ಸೇರಿ ಎರಡು ಸಾವಿರದ ಮೇಲೆ. ದಾರಕ್ಕೆ ಜೇನುಮೇಣ ಸವರಿದರೆ ನಾರು ಏಳುವುದಿಲ್ಲ, ಮಳೆಗಾಲದಲ್ಲಿ ಜೋಲುವುದೂ ಕಡಿಮೆ. ಗಂಟಿನ ಹೆಸರು ಕ್ಲೋವ್ ಹಿಚ್. ವಿಡಿಯೋ ನಿಲ್ಲಿಸಿ ನಿಲ್ಲಿಸಿ ಕಲಿಯುತ್ತಿದ್ದೆ. ಅಮ್ಮ ಪಕ್ಕದಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಕನ್ನಡಕ ಏರಿಸಿ ನೋಡಿ, "ಇದು ಹೂ ಕಟ್ಟೋ ಗಂಟಿನ ಹಾಗೇ ಇದೆಯಲ್ಲೋ, ಇದಕ್ಕೆ ವಿಡಿಯೋ ಬೇಕಾ?" ಅಂದರು. ದಾರ ಕೊಟ್ಟೆ. ಬೆರಳಿಗೆ ಸುತ್ತಿ, ತಿರುವಿ, ಎಳೆದರು. ನನಗಿಂತ ಬಿಗಿ. ಎಂಬತ್ತೊಂದು ವರ್ಷದ ಕಣ್ಣಿಗೆ ಕೊನೆಯ ಮೆಟ್ಟಿಲುಗಳು ಕಾಣುವುದಿಲ್ಲ. ಆದರೂ ಎಡಗಡೆಯ ಕೆಳಗಿನ ಹನ್ನೊಂದು ಸಾಲು ಅವರದೇ.

ಹೋದ ವಾರ ರಾತ್ರಿ ಟ್ಯೂಬ್‌ಲೈಟಿನ ಹುಳ ಹುಡುಕಿಕೊಂಡು ಒಂದು ಹಲ್ಲಿ ಮಧ್ಯದ ಕಂಬ ಹತ್ತಿತು. ಎಂಟು ಸೆಂಟಿಮೀಟರ್ ಇತ್ತು. ಆ ಅಳತೆಗೆ ಏಳೂಮುಕ್ಕಾಲು ಮೀಟರಿನ ಹತ್ತಿರದ ಮೃಗ. ಪೊರಕೆ ತಂದು ಹೆದರಿಸಿದಾಗ ಬಲಗಡೆಯ ಏಣಿಯಿಂದ ಧುಮುಕಿ ನನ್ನ ಮೂರು ಮೆಟ್ಟಿಲು ಕಿತ್ತುಕೊಂಡು ಹೋಯಿತು. ಅಮ್ಮ ಬೆಳಿಗ್ಗೆ ಬಂದು ಎಡಗಡೆಯ ಏಣಿಯನ್ನು ಬೆರಳಿನಿಂದ ಜಗ್ಗಿ ನೋಡಿದರು. "ನಂದೇನೂ ಆಗಿಲ್ಲ" ಅಂತ ಹೇಳಿ ಕಾಫಿಗೆ ಹೋದರು.