ಲಾಗಿನ್ ಕೋಡ್‌ನಲ್ಲಿ ಉಳಿದುಹೋದ ಆ ಒಂದು ‘ಫಾಲ್ಸ್’

ಕಳೆದ ವಾರ ನನ್ನದೇ ಒಂದು ಹಳೆಯ ಪಿಎಚ್‌ಪಿ ಕೋಡ್ ತೆಗೆದು ನೋಡಿದೆ. ಗೂಗಲ್ ಖಾತೆಯಿಂದ ಲಾಗಿನ್ ಆಗುವ ಭಾಗ. ಅಲ್ಲಿ ಬೇರೆ ಸರ್ವರ್‌ಗಳ ಜೊತೆ ಮಾತಾಡುವ ಕರ್ಲ್ ಲೈಬ್ರರಿಯ ವೆರಿಫೈಪೀರ್‌ಗೆ ಫಾಲ್ಸ್, ವೆರಿಫೈಹೋಸ್ಟ್‌ಗೆ 0 ಅಂತ ಇತ್ತು. ಅಂದರೆ ಆ ಕಡೆಯ ಸರ್ಟಿಫಿಕೇಟ್ ನಂಬುವಂಥದ್ದಾ, ಅದರಲ್ಲಿನ ಹೆಸರು ಸರಿಯಾ ಅಂತ ನೋಡುವುದನ್ನೇ ನಿಲ್ಲಿಸಿದ್ದೆ. ಎದೆ ಧಸಕ್ಕೆಂದಿತು.

ಹೇಗೆ ಬಂತು ಅಂತ ನೆನಪಿದೆ. ಲ್ಯಾಪ್‌ಟಾಪ್‌ನಲ್ಲಿ ಕರ್ಲ್ ಎರರ್ 60 ಬರುತ್ತಿತ್ತು. ಅಂದರೆ ಸರ್ಟಿಫಿಕೇಟ್ (ಸೈಟ್‌ನ ಗುರುತಿನ ಚೀಟಿ) ಕೊಟ್ಟವರು ಯಾರು ಅಂತ ನೋಡಲು ಬೇಕಾದ ಪಟ್ಟಿ ನನ್ನ ಮಷಿನ್‌ನಲ್ಲಿ ಇರಲಿಲ್ಲ, ಅಷ್ಟೇ. ಹುಡುಕಿದರೆ ಎಲ್ಲರೂ ಫಾಲ್ಸ್ ಹಾಕಿ ಅಂತಲೇ ಹೇಳಿದ್ದರು, ಹಾಕಿದೆ, ಕೆಲಸ ಆಯಿತು, ಹಾಗೇ ಸರ್ವರ್‌ಗೂ ಹೋಯಿತು.

ಬ್ರೌಸರ್‌ನಲ್ಲಿ ಬೀಗದ ಗುರುತು ಇದೆಯಲ್ಲ ಅಂತ ಅನ್ನಿಸಬಹುದು. ಆ ಬೀಗ ಬಳಸುವವರಿಂದ ನಮ್ಮ ಸರ್ವರ್‌ವರೆಗೆ ಮಾತ್ರ. ಆಮೇಲೆ ನಮ್ಮ ಸರ್ವರ್ ತಾನೇ ಗೂಗಲ್‌ಗೆ ಹೋಗಿ, ಲಾಗಿನ್ ವೇಳೆ ಗೂಗಲ್ ಕೊಟ್ಟ ತಾತ್ಕಾಲಿಕ ಕೋಡ್ ಮತ್ತು ಕ್ಲೈಂಟ್ ಸೀಕ್ರೆಟ್ (ನಮ್ಮ ಸೈಟ್‌ನ ಪಾಸ್‌ವರ್ಡ್ ಇದ್ದಂತೆ) ಕೊಟ್ಟು ಟೋಕನ್ (ಲಾಗಿನ್ ಆದವರು ಯಾರು ಅಂತ ಹೇಳುವ ಚೀಟಿ) ತರುತ್ತದೆ. ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಪರಿಶೀಲನೆ ಇಲ್ಲದಿದ್ದರೆ ದಾರಿ ಮಧ್ಯೆ ಕೂತವನು ತಾನೇ ಮಾಡಿಕೊಂಡ ಸರ್ಟಿಫಿಕೇಟ್ ತೋರಿಸಿದರೂ ನಮ್ಮ ಕೋಡ್ ನಂಬುತ್ತದೆ. ಎನ್‌ಕ್ರಿಪ್ಷನ್ ಇರುತ್ತದೆ, ಆದರೆ ಯಾರ ಜೊತೆ?

ಸೀಕ್ರೆಟ್ ಹೋಗುವುದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಟೋಕನ್ ನೇರವಾಗಿ ಗೂಗಲ್‌ನಿಂದಲೇ ಬಂದಿದ್ದರೆ, ಅದರ ಸಹಿ ನೋಡುವ ಬದಲು ಟಿಎಲ್‌ಎಸ್ (ಎನ್‌ಕ್ರಿಪ್ಟ್ ಆದ ಸಂಪರ್ಕದ) ಸರ್ಟಿಫಿಕೇಟ್ ಪರಿಶೀಲನೆಯನ್ನೇ ನಂಬಬಹುದು ಅಂತ, ಇಂಥ ಲಾಗಿನ್‌ಗಳಿಗಿರುವ ಓಪನ್‌ಐಡಿ ಕನೆಕ್ಟ್ ನಿಯಮವೇ ಬಿಡುತ್ತದೆ. ನಾನೂ ಸಹಿ ನೋಡಿರಲಿಲ್ಲ. ಹಾಗಾಗಿ ಮಧ್ಯದವನು ‘ಇವರೇ ಅಡ್ಮಿನ್’ ಅಂತ ಒಂದು ಟೋಕನ್ ಬರೆದು ಕಳಿಸಿದರೂ ನನ್ನ ಸೈಟ್ ಒಳಗೆ ಬಿಡುತ್ತಿತ್ತು.

ಸರಿ ಮಾಡಲು ಹತ್ತು ನಿಮಿಷ ಸಾಕಾಯಿತು. ನನ್ನ ಮಷಿನ್‌ನಲ್ಲಿ ಇರದಿದ್ದ ಆ ಪಟ್ಟಿ, ಮೊಜಿಲ್ಲಾದ (ಫೈರ್‌ಫಾಕ್ಸ್ ಮಾಡುವವರು) ಪಟ್ಟಿಯಿಂದ ತೆಗೆದ ಸಿಎಸರ್ಟ್ ಫೈಲ್ ಆಗಿ ಕರ್ಲ್ ಸೈಟ್‌ನಲ್ಲಿ ಸಿಗುತ್ತದೆ. ಅದನ್ನು ಇಳಿಸಿಕೊಂಡು, ಪಿಎಚ್‌ಪಿ ಐಎನ್‌ಐ ಫೈಲ್‌ನ ಕರ್ಲ್ ಸಿಎಇನ್ಫೋ ಸಾಲಿನಲ್ಲಿ ಅದರ ದಾರಿ ಬರೆದು, ಸರ್ವರ್ ರೀಸ್ಟಾರ್ಟ್ ಮಾಡಿದೆ. ವೆರಿಫೈಪೀರ್ ಟ್ರೂ, ವೆರಿಫೈಹೋಸ್ಟ್ 2. ವೆರಿಫೈಹೋಸ್ಟ್‌ಗೆ ಟ್ರೂ ಅಂತ ಹಾಕಬೇಡಿ, ಅದು 1 ಆಗುತ್ತದೆ. ಹಳೆಯ ಕರ್ಲ್‌ನಲ್ಲಿ 1 ಅಂದರೆ ಸರ್ಟಿಫಿಕೇಟ್‌ನಲ್ಲಿ ಏನೋ ಒಂದು ಹೆಸರಿದ್ದರೆ ಸಾಕು, ಅದು ನಾವು ಕರೆದ ಸೈಟ್‌ನದೇ ಅಂತ ನೋಡುತ್ತಿರಲಿಲ್ಲ. 2012ರ ಕರ್ಲ್ 7.28.1 ಆವೃತ್ತಿಯಲ್ಲಿ 1 ಹಾಕಿದರೆ ತಪ್ಪು ಅಂತ ಹೇಳಲು ಶುರು ಮಾಡಿದರು.

ಆಮೇಲೆ ಪರೀಕ್ಷೆಗೆಂದೇ ತಪ್ಪು ಸರ್ಟಿಫಿಕೇಟ್‌ಗಳನ್ನು ಇಟ್ಟಿರುವ ಬ್ಯಾಡ್‌ಎಸ್‌ಎಸ್‌ಎಲ್ ಸೈಟ್‌ನ ಅವಧಿ ಮುಗಿದ ಮತ್ತು ಹೆಸರು ಹೊಂದದ ಸರ್ಟಿಫಿಕೇಟ್ ಪುಟಗಳನ್ನು ಅದೇ ಕೋಡ್‌ನಿಂದ ಕರೆದೆ. ಎರಡೂ ಸೋತವು. ಸೋಲಲೇಬೇಕು, ಅಲ್ವಾ. ಕ್ಲೈಂಟ್ ಸೀಕ್ರೆಟ್ ಕೂಡ ಅವತ್ತೇ ಬದಲಾಯಿಸಿದೆ. ಇಷ್ಟು ವರ್ಷದಲ್ಲಿ ಹಳೆಯದು ಯಾರ ಕೈಗಾದರೂ ಸಿಕ್ಕಿತ್ತಾ ಅಂತ ತಿಳಿಯಲು ನನ್ನ ಲಾಗ್‌ಗಳಲ್ಲಿ ಏನೂ ಇಲ್ಲ.